ಕರಿಬೇವಿನ ಬುಡದಲ್ಲಿ ಜಳಕ

ಗಿಡ ಬೆಳೆಸುವುದು ಬಲು ಸುಲಭ ಎನ್ನುವವರೆಲ್ಲ ನೀರಿರುವ ಊರಿನವರು ಎಂಬುದು ನನ್ನ ಅನುಭವ. ಬ್ಯಾಂಕಿನವರು ನನ್ನನ್ನು ಬಾಗಲಕೋಟೆಯಿಂದ ಮರಾಠಿ ನಾಡಿನ ಛತ್ರಪತಿ ಸಂಭಾಜಿನಗರಕ್ಕೆ ವರ್ಗ ಮಾಡಿದಾಗ, ಪಾತ್ರೆಪಗಡೆಗಳ ಜೊತೆ ಗುಲಾಬಿ, ದಾಸವಾಳ, ಮಲ್ಲಿಗೆಯ ಕುಂಡಗಳನ್ನೂ ಲಾರಿಗೆ ಹೇರಿಸಿದ್ದೆ. ಇಲ್ಲಿ ನಲ್ಲಿಗೆ ನೀರು ಬರುವುದು ಅಪರೂಪದ ನೆಂಟರು ಬಂದ ಹಾಗೆ. ಹೋಗಿಬರುವವರ ಕಣ್ಣಿಗೆ ಬೀಳಲಿ ಎಂದು ಕುಂಡಗಳನ್ನು ಗೇಟಿನ ಪಕ್ಕ ಸಾಲಾಗಿ ಇಟ್ಟೆ. ಮೊದಲ ಬೇಸಿಗೆಯಲ್ಲೇ ಎಲ್ಲವೂ ಕಡ್ಡಿಯಾದವು. ಆಗಲೇ ಒಂದು ರವಿವಾರ ಬಸ್ಸಿನಲ್ಲಿ ವೇರೂಳಿನ ಗುಹೆಗಳನ್ನು ನೋಡಲು ಹೊರಟಾಗ ನನ್ನ ಹೆಂಡತಿ ಶಾರದಾ ಕಿಟಕಿಯಾಚೆ ಬೆರಳು ತೋರಿಸಿ, "ನೋಡ್ರಿ, ಇಡೀ ಗುಡ್ಡ ಬೋಳದ. ಹಳ್ಳ ಹರಿಯೂ ಕಡೆ ಅಷ್ಟ ಹಸರದ. ಗಿಡಕ್ಕ ತಿಳೀತದ, ನಿಮಗ ತಿಳಿಯೂದಿಲ್ಲ" ಎಂದಳು. ನಾನು ಕರಿಕಲ್ಲು, ಮಣ್ಣಿನ ಆಳ ಎಂದು ಏನೋ ವಿವರಿಸತೊಡಗಿದೆ. ಆಕೆ ನಿದ್ದೆ ಹೋದಳು.

ಆಕೆಯ ಮಾತು ನಿಜವೆಂದು ನಮ್ಮ ಹಿತ್ತಲೇ ಹೇಳಿತು. ಮಾಳಿಗೆಯ ಮೇಲಿನ ನೀರಿನ ಟಾಕಿ ತುಂಬಿ ಪೈಪಿನಿಂದ ಸುರಿಯುವ ಜಾಗದಲ್ಲಿ, ಯಾರೂ ನೆಡದ ಕರಿಬೇವಿನ ಗಿಡವೊಂದು ಹುಟ್ಟಿತ್ತು. ಯಾವುದೋ ಹಕ್ಕಿಯ ಉಪಕಾರ. ನೋಡನೋಡುತ್ತ ನನ್ನೆತ್ತರಕ್ಕೆ ಬಂತು. ಮರಾಠಿ ಬಾರದ ಶಾರದಾಗೆ ಓಣಿಯಲ್ಲಿ ಗೆಳತಿಯರನ್ನು ಸಂಪಾದಿಸಿಕೊಟ್ಟದ್ದು ಅದೇ. "ವಹಿನೀ, ಕಢೀಪತ್ತಾ ಹೈ ಕ್ಯಾ?" ಎನ್ನುತ್ತ ಬಂದವರು ಎರಡೆಸಳು ಒಯ್ಯುವ ಮೊದಲು ಒಂದು ತಾಸು ಕೂತಿರುತ್ತಿದ್ದರು.

ಪಕ್ಕದ ಮನೆಯ ಜೋಶಿ ಕಾಕಾ ನಿವೃತ್ತ ಮಾಸ್ತರರು. ಟಾಕಿ ಉಕ್ಕಿದ ದಿನವೆಲ್ಲ ಗೋಡೆಯಾಚೆಯಿಂದ, "ಅಹೋ ಸಾಹೇಬ್, ಪಾಣೀ ವಾಯಾ ಚಾಲ್ಲಂಯ್!" ಎಂದು ಕೂಗುತ್ತಿದ್ದರು. ನೀರು ಪೋಲಾಗುತ್ತಿದೆ ಎನ್ನುವುದನ್ನು ಇಲ್ಲವೆನ್ನುವುದು ಹೇಗೆ? ಪ್ಲಂಬರನನ್ನು ಕರೆಸಿ, ಟಾಕಿ ತುಂಬಿದೊಡನೆ ನೀರು ನಿಲ್ಲುವ ವಾಲ್ವ್ ಹಾಕಿಸಿದೆ. ಕಾಕಾ ಕೈಮುಗಿದರು. ಕರಿಬೇವು ಹಳದಿಯಾಯಿತು. ಎಲೆ ಉದುರತೊಡಗಿದ ಮೇಲೆ ಕೇಳಲು ಸಂಕೋಚವಾಗಿ ಹೆಂಗಸರು ಬರುವುದೂ ನಿಂತಿತು. ಸಂಜೆ ಶಾರದಾ ಹಿತ್ತಲ ಬಾಗಿಲಲ್ಲಿ ಒಬ್ಬಳೇ ಕೂತಿರುತ್ತಿದ್ದಳು. ಕುಡಿಯುವ ನೀರು ಗಿಡಕ್ಕೆ ಸುರಿಯಲು ಆಕೆಗೇ ಮನಸ್ಸಿಲ್ಲ. ಪಾತ್ರೆ ತೊಳೆದ ನೀರಿನಲ್ಲಿ ಬರೀ ಜಿಡ್ಡು.

ಒಂದು ಬೆಳಿಗ್ಗೆ ಕೇಳಿದಳು, "ನೀವು ಜಳಕಾ ಮಾಡಿದ ನೀರು ಎಲ್ಲಿ ಹೋಗ್ತದ್ರಿ?"

"ಗಟಾರಕ್ಕ."

"ಹಂಗಾರ ನಾಳಿಂದ ಗಿಡದ ಬುಡಕ್ಕ ಕೂತು ಮಾಡ್ರಿ. ಸಾಬೂನು ಬ್ಯಾಡ, ಗಿಡಕ್ಕ ಆಗೂದಿಲ್ಲ. ಕಡ್ಲಿಹಿಟ್ಟು ಹಚ್ಚಿಕೋರಿ."

ನೀರನ್ನು ಬಕೆಟ್ಟಿನಲ್ಲಿ ಹೊತ್ತು ತರುತ್ತೇನೆ ಎಂದೆ. ತಂದೂ ನೋಡಿದೆ, ಅರ್ಧ ನೀರು ನಡುಮನೆಯ ಪಾಲಾಯಿತು. ಕೊನೆಗೆ ಆಕೆ ಪಾತಿ ಮಾಡಿ ಒಂದು ಕಲ್ಲು ಹಾಕಿದಳು. ಬ್ಯಾಂಕಿನಲ್ಲಿ ಕಂಡರೆ ನಾಲ್ಕು ಜನ ಎದ್ದು ನಿಲ್ಲುವಂಥ ನಾನು, ಪಂಚೆ ಸುತ್ತಿಕೊಂಡು, ಎಣ್ಣೆಗೆ ಬಿಡಲು ಸಿದ್ಧವಾದ ಭಜಿಯ ಹಾಗೆ ಹಿಟ್ಟು ಮೆತ್ತಿಕೊಂಡು ಅಲ್ಲಿ ಕೂತೆ. ಗೋಡೆಯಾಚೆ ಕಾಕಾ ಮೊದಲ ದಿನ ಮುಖ ತಿರುಗಿಸಿದರು, ಆಮೇಲೆ "ಪಾಠೀಲಾ ಲಾವಾ, ಪಾಠೀಲಾ!" ಎಂದು ಬೆನ್ನು ಬಿಟ್ಟುಹೋದದ್ದನ್ನು ನೆನಪಿಸತೊಡಗಿದರು. ಗಿಡ ಚಿಗುರಿತು. ಹೆಂಗಸರು ಮತ್ತೆ ಬಂದರು, ನನ್ನ ಜಳಕ ಮುಗಿಯುವವರೆಗೆ ಗೇಟಿನಲ್ಲೇ ಕಾದು ನಿಂತು.

ಮೊನ್ನೆ ನಾಸಿಕ್ ಊರಿನ ಶಾಖೆಗೆ ನನ್ನ ವರ್ಗದ ಆದೇಶ ಬಂತು. ಇಲ್ಲಿ ಶಾಲೆಗೆ ಹೋಗುವ ನಮ್ಮ ಮಗಳ ಪರೀಕ್ಷೆ ಮುಗಿಯುವವರೆಗೆ ನಾನೊಬ್ಬನೇ ಅಲ್ಲಿರಬೇಕು. ಶಾರದಾ ಕಂಗಾಲಾದಳು. ನನಗೂ ಕಣ್ಣು ತುಂಬಿ ಬಂದು, "ಯಾಕ ಇಷ್ಟು ಚಿಂತಿ ಮಾಡ್ತಿ? ಶನಿವಾರ ರಾತ್ರಿ ಬಂದೇ ಬರ್ತೀನಿ" ಎಂದೆ.

"ಅಂದ್ರ ರವಿವಾರದ ಜಳಕಾ ಆತು" ಎಂದಳು. "ಉಳಿದ ದಿನಕ್ಕ ಜೋಶಿ ಕಾಕಾರನ್ನ ಕೇಳೀನಿ. ಒಪ್ಪ್ಯಾರ."