ಹನ್ನೊಂದನೇ ನಂಬರಿನ ಲೇಪ

ಬಣ್ಣದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಕುಷಾಯಿಗೂಡದ ದೊಡ್ಡ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತಮೂರು ವರ್ಷ ಇದ್ದವನು ನಾನು. ಬಣ್ಣ ಬಳಿದ ಕಬ್ಬಿಣದ ಪೆಟ್ಟಿಗೆಗಳು ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದವು. ತೋರುಬೆರಳಿನಿಂದ ಮುಟ್ಟಿ, ಕಣ್ಣು ಕಿರಿದು ಮಾಡಿ ನೋಡಿ, ‘ಓಕೆ’ ಎಂದು ಮುದ್ರೆ ಒತ್ತುತ್ತಿದ್ದೆ. ನಾನು ಮುದ್ರೆ ಒತ್ತಿದ ಒಂದು ಪೆಟ್ಟಿಗೆಯೂ ನನ್ನ ಬಳಿಗೆ ವಾಪಸು ಬಂದದ್ದಿಲ್ಲ. ವಾಪಸು ಬಂದವು ಬೇರೆ ವಿಭಾಗಕ್ಕೆ ಹೋಗುತ್ತಿದ್ದವು ಎಂಬುದು ನಿವೃತ್ತನಾದ ಮೇಲೆ ತಿಳಿಯಿತು.

ಇಂಥ ಅನುಭವಿಯ ಮನೆಯಲ್ಲಿ ಒಂದು ರಿವಾಲ್ವರ್ ಇತ್ತು. ನನ್ನದಲ್ಲ, ನನ್ನ ಹೆಂಡತಿ ಸುಶೀಲೆಯದು. ಮಾವನವರು ನೀರಾವರಿ ಇಲಾಖೆಯಲ್ಲಿದ್ದು ಕಾಡಿನ ಕ್ಯಾಂಪುಗಳಲ್ಲಿ ಅಲೆಯುತ್ತಿದ್ದ ಕಾಲದಲ್ಲಿ ಕೊಂಡದ್ದು. ಇಡೀ ಸೇವೆಯಲ್ಲಿ ಒಂದೇ ಸಲ ಹಾರಿಸಿದ್ದರಂತೆ, ಅದೂ ಮಂಗವೊಂದನ್ನು ಹೆದರಿಸಲಿಕ್ಕೆ. ಮಂಗ ಹೆದರಲಿಲ್ಲ. ಅವರು ತೀರಿಕೊಂಡ ಮೇಲೆ ಒಬ್ಬಳೇ ಮಗಳಾದ ಸುಶೀಲೆ ಕಾನೂನುಬದ್ಧವಾಗಿ ಪರವಾನಗಿ ಮಾಡಿಸಿಕೊಂಡಳು. ಗುಂಡುಗಳನ್ನೆಲ್ಲ ಆಗಲೇ ಸರ್ಕಾರಕ್ಕೆ ಒಪ್ಪಿಸಿದ್ದಾಯಿತು. ಉಳಿದ ಖಾಲಿ ರಿವಾಲ್ವರ್‌ಗೆ ಅವಳು ವರ್ಷಕ್ಕೊಮ್ಮೆ, ಖಂಡೇನವಮಿಯ ದಿನ, ತಪ್ಪದೆ ಪೂಜೆ ಮಾಡುತ್ತಿದ್ದಳು. ಮಾವನವರ ಪದ್ಧತಿಯೇ ಹಾಗೆ. ಆಯುಧದ ಮೇಲೆ ಕೊರೆದಿರುವ ನಂಬರೇ ಅದರ ಹೆಸರು, ಮೊದಲ ಕುಂಕುಮ ಅದಕ್ಕೇ ಇಡಬೇಕು, ಆಮೇಲೆ ಅರಿಶಿನ, ಗಂಧ, ಅಕ್ಷತೆ, ಹೂವು, ಕೊನೆಗೆ ಒಂದು ಉದ್ಧರಣೆ ನೀರು. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ. ಒರೆಸುವ ಪ್ರಶ್ನೆಯೇ ಇಲ್ಲ.

ಇಷ್ಟು ವರ್ಷ ಇಷ್ಟು ಭಕ್ತಿಯಿಂದ ನೀರು ಹಾಕಿಸಿಕೊಂಡರೆ ಕಬ್ಬಿಣ ಏನಾಗಬೇಕೋ ಅದೇ ಆಯಿತು.

ಈ ಸಲ ಪರವಾನಗಿ ನವೀಕರಣಕ್ಕೆಂದು ಠಾಣೆಗೆ ಹೋದಾಗ ಸಬ್‌ಇನ್ಸ್‌ಪೆಕ್ಟರರು ರಿವಾಲ್ವರನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ನಂಬರ್ ಏದಿ ಅಮ್ಮಾ?” ಎಂದು ತೆಲುಗಿನಲ್ಲಿ ಕೇಳಿದರು. ಸುಶೀಲೆ ಜಾಗ ತೋರಿಸಿದಳು. ಅವರು ಹೆಬ್ಬೆರಳಿನಿಂದ ಉಜ್ಜಿದರು. ನಂಬರ್ ಕಾಣಲಿಲ್ಲ, ಹೆಬ್ಬೆರಳು ಹಳದಿಯಾಯಿತು. ದಸರಾ ಕಳೆದ ಮೇಲಿನ ಸೋಮವಾರ ಮತ್ತೆ ತನ್ನಿ, ಆಗಲೂ ನಂಬರ್ ಓದಲಿಕ್ಕೆ ಬರದಿದ್ದರೆ ಇಲ್ಲೇ ಜಮಾ ಮಾಡಿಕೊಳ್ಳಬೇಕಾಗುತ್ತದೆ ಎಂದರು. ಗದರಿ ಹೇಳಲಿಲ್ಲ, ಪಾಪ. ಆದರೂ ಸುಶೀಲೆಯ ಮುಖ ಸಣ್ಣದಾಯಿತು.

ಆಟೋದಲ್ಲಿ ಬರುವಾಗ ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. “ಅಪ್ಪಾಂದು ಅಂತ ನನ್ನ ಹತ್ರ ಇರೋದು ಇದೊಂದ ನೋಡ್ರಿ. ಇದೂ ಸರ್ಕಾರಕ್ಕ ಹೋದ್ರ ನನಗ ಭಾಳ ಕೆಟ್ಟ ಅನಸ್ತೈತಿ” ಎಂದಳು.

ಅವಳ ಕಣ್ಣಲ್ಲಿ ನೀರು ಬಂತು. ಅಲ್ಲೇ ಮಾತು ಕೊಟ್ಟುಬಿಟ್ಟೆ. “ಚಿಂತಿ ಮಾಡಬ್ಯಾಡ. ತುಕ್ಕು ತೆಗೆಸಿ ಒಂದು ಒಳ್ಳೆ ಲೇಪ ಹಾಕಿಸಿದ್ರ ಮುಗೀತು. ಲೇಪ ಅಂದ್ರ ನಂದ ಕ್ಷೇತ್ರ.”

ನಗರದ ಹಳೆಯ ಭಾಗದಲ್ಲಿ ಪರವಾನಗಿ ಇರುವ ಬಂದೂಕಿನ ಅಂಗಡಿಯೊಂದನ್ನು ಹುಡುಕಿದೆವು. ಅಲ್ಲಿಯ ರಿಪೇರಿಗಾರ ಎಪ್ಪತ್ತು ದಾಟಿದವರು, ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವರು ಕನ್ನಡಕ ಏರಿಸಿ ರಿವಾಲ್ವರನ್ನು ನೋಡಿದರು, ಮೂಸಿದರು, ಆಮೇಲೆ ನನ್ನ ಮುಖ ನೋಡಿದರು.

“ಯೇ ಜಂಗ್ ಹೈ ಕಿ ಮಸಾಲಾ?”

ತುಕ್ಕೂ ಹೌದು, ಮಸಾಲೆಯೂ ಹೌದು ಎಂದು ನಾನು ಹಿಂದಿಯಲ್ಲಿ ವಿವರಿಸಿದೆ. ಉಸ್ತಾದರು ಉಗುರಿನಿಂದ ಒಂದು ಪದರ ಕೆರೆದು ನೋಡಿದರು. ಆಮೇಲೆ ತುಕ್ಕು ತೆಗೆಯಬಹುದು, ನಂಬರ್ ಕೊರೆದ ಗುಂಡಿಗಳು ಸವೆದಿವೆಯಾದರೂ ಉಳಿದಿವೆ, ಮೇಲೆ ತೆಳ್ಳಗೆ ಸೆರಾಮಿಕ್ ಲೇಪ ಹಾಕಿದರೆ ಮುಂದೆ ತುಕ್ಕು ಹಿಡಿಯುವುದಿಲ್ಲ ಎಂದರು. ಲೇಪದಲ್ಲಿ ಎರಡು ಬಗೆ. ಒಂದು ಭಟ್ಟಿಯಲ್ಲಿಟ್ಟು ಬೇಯಿಸುವುದು, ಇನ್ನೊಂದು ಗಾಳಿಗೆ ತಾನೇ ಒಣಗುವುದು. ಹಳೆಯ ವಸ್ತುವಿಗೆ ಭಟ್ಟಿ ಬೇಡ ಎಂಬುದು ಅವರ ಅಭಿಪ್ರಾಯ. ಬೇಯಿಸಿದರೆ ಯಾವುದು ಗಟ್ಟಿ, ಬೇಯಿಸದಿದ್ದರೆ ಯಾವುದು ಗಟ್ಟಿ ಎಂಬುದು ನನಗೆ ಮೂರು ಸಲ ಕೇಳಿದರೂ ತಿಳಿಯಲಿಲ್ಲ. ತಪಾಸಣಾ ವಿಭಾಗಕ್ಕೆ ಎಲ್ಲವೂ ಒಣಗಿಯೇ ಬರುತ್ತಿತ್ತು. ಆದರೂ ತಲೆ ಅಲ್ಲಾಡಿಸಿದೆ.

ಸುಶೀಲೆ ಅಂಗಡಿಯ ಅರ್ಜಿಗೆ ಸಹಿ ಹಾಕಿದಳು. ಬಣ್ಣದ ಕಾಲಂ ಖಾಲಿ ಇತ್ತು. ಉಸ್ತಾದರು ಬಣ್ಣಗಳ ಕಾರ್ಡನ್ನು ಮುಂದಿಟ್ಟರು. ಚಿಕ್ಕ ಚಿಕ್ಕ ಚೌಕಗಳು, ಪ್ರತಿಯೊಂದರ ಕೆಳಗೂ ಒಂದು ನಂಬರ್. ನಾನು ಕಾರ್ಡಿನ ಕಡೆ ತಿರುಗಿಯೂ ನೋಡದೆ ‘ಹನ್ನೊಂದು’ ಎಂದು ಬರೆದೆ. ನಮ್ಮ ಕಾರ್ಖಾನೆಯಲ್ಲಿ ಹನ್ನೊಂದು ಅಂದರೆ ಕಡು ಕಪ್ಪು.

“ಕಾರ್ಡ್ ಒಂದ್ಸಲ ನೋಡ್ರಿ” ಎಂದಳು ಸುಶೀಲೆ.

“ಮೂವತ್ತಮೂರು ವರ್ಷ ಅದನ್ನ ನೋಡೀನಿ.”

“ಈ ಕಾರ್ಡ್ ನೋಡಿಲ್ಲಲ್ರಿ.”

ಇಂಥ ಸೂಕ್ಷ್ಮಗಳನ್ನು ಹೆಂಗಸರಿಗೆ ತಿಳಿಸಿ ಹೇಳುವುದು ಕಷ್ಟ ಎಂದುಕೊಂಡು ಸುಮ್ಮನಾದೆ. ಈಗ ನೆನೆಸಿಕೊಂಡರೆ ಆ ಕಾರ್ಡಿಗೇ ಹಣೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ.

ಅಷ್ಟಮಿಯ ದಿನ ಮಧ್ಯಾಹ್ನ ಅಂಗಡಿಗೆ ಹೋದೆವು. ಉಸ್ತಾದರು ಬೆಳಿಗ್ಗೆಯೇ ಕೆಲಸ ಮುಗಿಸಿ ರಿವಾಲ್ವರನ್ನು ತಂತಿಗೆ ತೂಗುಹಾಕಿದ್ದರು. ನಾನು ನೋಡಿದೆ. ಸುಶೀಲೆ ನೋಡಿದಳು.

“ಇದು ಬದನೀಕಾಯಿ ಬಣ್ಣ ಅಲ್ಲೇನ್ರಿ?”

ಹೌದು. ಎಣ್ಣೆಗಾಯಿಗೆ ಹೇಳಿ ಮಾಡಿಸಿದಂಥ ಎಳೆ ಬದನೆಕಾಯಿಯ ಬಣ್ಣ! ನಾನು ಕಾರ್ಡು ತರಿಸಿ ನೋಡಿದೆ, ತಲೆಕೆಳಗು ಮಾಡಿ ನೋಡಿದೆ. ಹೇಗೆ ಹಿಡಿದರೂ ಹನ್ನೊಂದನೆಯದು ಬದನೆಕಾಯಿಯೇ. “ಹಸೀ ಐತಲ್ಲ, ಅದಕ್ಕ ಹಂಗ ಕಾಣಾಕತ್ತೈತಿ. ಒಣಗಿದ ಮ್ಯಾಲೆ ಕಪ್ಪಾಗತೈತಿ” ಎಂದೆ. ಹಾಗೆ ಹೇಳುವಾಗ ಅದು ನಿಜವಿರಬಹುದು ಎಂದು ನನಗೇ ಅರ್ಧ ನಂಬಿಕೆ ಬಂದಿತ್ತು.

ಉಸ್ತಾದರು ಐದು ದಿನ ಅಂಗಡಿಯಲ್ಲೇ ಬಿಡಿ ಎಂದರು. ಮರುದಿನ ಖಂಡೇನವಮಿ. ಮಾವನವರ ಕಾಲದಿಂದ ಒಂದು ವರ್ಷವೂ ಪೂಜೆ ತಪ್ಪಿಲ್ಲ ಎಂದು ಸುಶೀಲೆ ಹೇಳಿದಳು. ಉಸ್ತಾದರಿಗೆ ಹಿರಿಯರ ಮಾತು ಅರ್ಥವಾಗುತ್ತದೆ, ಒಪ್ಪಿಕೊಂಡರು. ಆದರೆ ನನ್ನ ಕಡೆ ಬೆರಳು ತೋರಿಸಿ, “ಪಾಂಚ್ ದಿನ್ ಹಾಥ್ ನಕ್ಕೋ ಲಗಾವ್ ಸಾಬ್” ಎಂದರು. ಐದು ದಿನ ಕೈ ಹಚ್ಚಬೇಡಿ ಎಂಬ ಇಷ್ಟು ಸರಳ ಮಾತು ಯಾರಿಗಾದರೂ ಅರ್ಥವಾಗುತ್ತದೆ. ನನಗೂ ಆಯಿತು. ಆದರೆ ಅದು ಸಾಮಾನ್ಯ ಜನರಿಗೆ ಹೇಳಿದ್ದು ಎಂದು ಭಾವಿಸಿದೆ.

ನವಮಿಯ ಬೆಳಿಗ್ಗೆ ದೇವರ ಮನೆಯಲ್ಲಿ ಕತ್ತರಿ, ಈಳಿಗೆ ಮಣೆ, ನನ್ನ ಸ್ಕ್ರೂಡ್ರೈವರ್‌ಗಳು, ಅವುಗಳ ನಡುವೆ ಹಲಗೆಯ ಮೇಲೆ ರಿವಾಲ್ವರ್. ಸುಶೀಲೆ ಕುಂಕುಮದ ಬಟ್ಟಲು ಹಿಡಿದು ತಡೆದಳು.

“ಒಣಗೇತೇನ್ರಿ? ನೋಡಿ ಹೇಳ್ರಿ. ಇಲ್ಲಾಂದ್ರ ಬರೇ ಹೂವು ಇಟ್ಟು ಕೈ ಮುಗೀತೀನಿ.”

ಎಂಥ ಒಳ್ಳೆಯ ಉಪಾಯ ಹೇಳಿದ್ದಳು! ನಾನು ತೋರುಬೆರಳಿನಿಂದ ಹಿಡಿಕೆಯ ಬಳಿ ಮುಟ್ಟಿದೆ. ಕಣ್ಣು ಕಿರಿದು ಮಾಡಿ ನೋಡಿದೆ. ಬೆರಳಿಗೆ ಏನೂ ಅಂಟಲಿಲ್ಲ.

“ಓಕೆ” ಎಂದೆ.

ಅವಳು ಒದ್ದೆ ಕುಂಕುಮವನ್ನು ಮೊದಲು ನಂಬರಿನ ಮೇಲೆ ಗಟ್ಟಿಯಾಗಿ ಒತ್ತಿದಳು. ಆಮೇಲೆ ಅರಿಶಿನ, ಗಂಧ, ಅಕ್ಷತೆ, ಸೇವಂತಿಗೆ. ಆರತಿಯಾಯಿತು. ಒಂದು ಹಗಲು ಒಂದು ರಾತ್ರಿ ಪದ್ಧತಿಯಂತೆ ಯಾರೂ ಮುಟ್ಟಲಿಲ್ಲ. ಮೇಲಿನ ಪದರ ಮಾತ್ರ ಆರಿದ್ದ ಲೇಪ ಈ ಬಿಡುವಿನಲ್ಲಿ ತನ್ನ ಮೇಲಿದ್ದದ್ದನ್ನೆಲ್ಲ ಹಿಡಿದುಕೊಂಡು ಸಾವಕಾಶವಾಗಿ ಗಟ್ಟಿಯಾಯಿತು.

ದಶಮಿಯ ದಿನ ತೆಗೆಯಲು ಹೋದರೆ ಹೂವು ಬಂತು, ಅದರ ಎರಡು ಎಸಳು ಬರಲಿಲ್ಲ. ನಳಿಗೆಯ ಉದ್ದಕ್ಕೂ ಏಳು ಅಕ್ಕಿ ಕಾಳು ನೆಟ್ಟಿದ್ದವು. ಹಿಡಿಕೆಯ ಮೇಲೆ ಗಂಧದ ಮೂರು ಗೆರೆ. ನಾನು ಮೂವತ್ತಮೂರು ವರ್ಷದಲ್ಲಿ ಇಂಥ ಪೆಟ್ಟಿಗೆ ಒಂದನ್ನೂ ನೋಡಿರಲಿಲ್ಲ.

ಉಸ್ತಾದರಿಗೆ ಫೋನ್ ಮಾಡಬಹುದಿತ್ತು. ಆದರೆ ಅವರು ಏನು ಅನ್ನುತ್ತಾರೆ ಎಂಬುದು ನನಗೆ ಗೊತ್ತಿದ್ದರಿಂದ ಮಾಡಲಿಲ್ಲ. ಭಾನುವಾರ ಸುಶೀಲೆ ಮಲಗಿದ್ದ ಹೊತ್ತು ನೋಡಿ ಕೊಬ್ಬರಿ ಎಣ್ಣೆ ಹಚ್ಚಿದೆ. ಅರಿಶಿನ ಹೊಳೆಯತೊಡಗಿತು, ಹೋಗಲಿಲ್ಲ. ಹಿತ್ತಾಳೆ ಸಾಮಾನಿಗೆ ಹುಣಸೆಹಣ್ಣು ಒಳ್ಳೆಯದಲ್ಲವೇ ಎಂದುಕೊಂಡು ಅದರಿಂದ ಉಜ್ಜಿದೆ. ಅಕ್ಕಿ ಕಾಳುಗಳು ಒಂದೊಂದಾಗಿ ಎದ್ದು ಬಂದವು, ಜತೆಗೆ ಆ ಜಾಗದ ಬದನೆಕಾಯಿಯ ಸಿಪ್ಪೆಯೂ ಎದ್ದು ಬಂತು. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ಗಾಬರಿಯಲ್ಲಿ ನಂಬರಿನ ಕಡೆಗೆ ಹುಣಸೆಹಣ್ಣು ಒಯ್ಯುತ್ತಿದ್ದೆ.

“ಏನ್ ಮಾಡಾಕತ್ತೀರಿ?”

ಸುಶೀಲೆ ಬಾಗಿಲಲ್ಲಿ ನಿಂತಿದ್ದಳು. ನಾನು ಹುಣಸೆಹಣ್ಣನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಅವಳು ನನ್ನ ಕೈಯಿಂದ ರಿವಾಲ್ವರ್ ತೆಗೆದುಕೊಂಡು, ಸೆರಗಿನಿಂದ ಎಣ್ಣೆ ಒರೆಸಿ, ಚೀಲಕ್ಕೆ ಹಾಕಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಪ್ಪನ ವಸ್ತು ಎಂದು ಅವಳಿಗೆ ಉಳಿದಿದ್ದ ಒಂದೇ ಒಂದನ್ನು ನಾನೇ ಕೈಯಾರೆ ಠಾಣೆಗೆ ಸೇರಿಸುತ್ತಿದ್ದೇನೆ ಅನ್ನಿಸಿ ಅವತ್ತು ಊಟ ಸೇರಲಿಲ್ಲ.

ಸೋಮವಾರ ಠಾಣೆಯಲ್ಲಿ ಅದೇ ಸಬ್‌ಇನ್ಸ್‌ಪೆಕ್ಟರರು ಚೀಲದಿಂದ ರಿವಾಲ್ವರ್ ತೆಗೆದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತ ನಿಂತೆ. ಅವರು ತುಂಬ ಹೊತ್ತು ತಿರುಗಿಸಿ ನೋಡಿದರು.

“ವಂಗಪಂಡು ರಂಗಾ?” ಎಂದರು. ತೆಲುಗಿನಲ್ಲೂ ಅದು ಬದನೆಕಾಯಿಯೇ ಆಗಿತ್ತು.

ಆಮೇಲೆ ಅವರು ನಂಬರಿನ ಜಾಗಕ್ಕೆ ಬಂದರು. ಸುಶೀಲೆ ನನ್ನ ಅಂಗಿಯ ತೋಳು ಹಿಡಿದುಕೊಂಡಳು. ಅವರು ರಿವಾಲ್ವರನ್ನು ಕೈಯಳತೆಯ ದೂರದಲ್ಲಿ ಹಿಡಿದು, ಕನ್ನಡಕವೂ ಇಲ್ಲದೆ, ಅಷ್ಟೂ ಅಂಕಿಗಳನ್ನು ಸರಾಗವಾಗಿ ಓದಿದರು! ನಾನು ಬಗ್ಗಿ ನೋಡಿದೆ. ಅವಳು ಒತ್ತಿದ್ದ ಕುಂಕುಮ ನಂಬರಿನ ಗುಂಡಿಗಳಿಗೆ ಇಳಿದು ಅಲ್ಲೇ ಕೂತಿತ್ತು. ನೇರಳೆಯ ಮೇಲೆ ಕೆಂಪು ಅಂಕಿಗಳು, ಬಸ್ಸಿನ ಬೋರ್ಡಿನಷ್ಟು ಸ್ಪಷ್ಟ.

“ಬಾಗುಂದಿ ಅಮ್ಮಾ. ಈ ಐಡಿಯಾ ಎವರಿದಿ?” ಎಂದು ಮೆಚ್ಚಿಕೊಂಡು ಕೇಳಿದರು. ಐಡಿಯಾ ಯಾರದ್ದು ಎಂಬುದು ನನಗೂ ಗೊತ್ತಾಗಬೇಕಿತ್ತು. ಲೇಪ ಹಾಕಿಸಿದ್ದು ನಾನು, ಕುಂಕುಮ ಇಟ್ಟದ್ದು ಅವಳು, ಒಣಗಿದೆ ಎಂದದ್ದು ನಾನು, ಉಜ್ಜದಂತೆ ತಡೆದದ್ದು ಅವಳು. ನಾನು ಕೂಡಿಸಿ ಕಳೆಯುವಷ್ಟರಲ್ಲಿ ಸುಶೀಲೆ ನಮ್ಮ ತಂದೆಯವರದು ಎಂದು ಹಿಂದಿಯಲ್ಲಿ ಹೇಳಿಬಿಟ್ಟಳು. ಅವಳ ಕಣ್ಣು ಮತ್ತೆ ತುಂಬಿತ್ತು, ಆದರೆ ನಗುತ್ತಿದ್ದಳು.

ನವೀಕರಣಕ್ಕೆ ಶಿಫಾರಸು ಬರೆದು ಸಹಿ ಹಾಕಿದ ಮೇಲೆ ಅವರು ಅರ್ಜಿಯ ಇನ್ನೊಂದು ಪುಟ ತಿರುಗಿಸಿದರು. ಪರವಾನಗಿದಾರರ ಪರವಾಗಿ ಆಯುಧವನ್ನು ಇಟ್ಟುಕೊಳ್ಳಬಹುದಾದವರ ಹೆಸರು ಎಂಬ ಕಾಲಂ ಒಂದಿದೆ, ಯಜಮಾನರ ಹೆಸರು ಬರೆಯುವಿರಾ ಎಂದು ಕೇಳಿದರು.

ನಾನು ಅಂಗಿ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ. ಸುಶೀಲೆ ನನ್ನನ್ನು ನೋಡಿದಳು. ರಿವಾಲ್ವರಿನ ಸಿಪ್ಪೆ ಎದ್ದ ನಳಿಗೆಯನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು.

“ಖಾಲಿ ಇರ್ಲಿ ಬಿಡ್ರಿ, ಸಾಹೇಬ್ರ” ಎಂದಳು, ಕನ್ನಡದಲ್ಲೇ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಪೂರ್ತಿ ಅರ್ಥವಾಯಿತು.

ವಾಪಸು ಬರುವಾಗ ಆಟೋದಲ್ಲಿ ರಿವಾಲ್ವರಿನ ಚೀಲ ಅವಳ ಮಡಿಲಲ್ಲಿತ್ತು. ನನ್ನ ಕೈಗೆ ಜೆರಾಕ್ಸ್ ಪ್ರತಿಗಳನ್ನು ಕೊಟ್ಟಿದ್ದಳು. ಅವಕ್ಕೆ ಪರವಾನಗಿ ಬೇಕಾಗಿಲ್ಲವಂತೆ.