ತಕ್ಷಣ ತೋರಿಸದ ಕ್ಯಾಮೆರಾ

“ಪರದೆಯೇ ಇಲ್ಲದ್ದು ಬೇಕು ಅಂತ ಆಗಿಂದ ಹೇಳ್ತಿದ್ದೀನಿ, ನೀವು ಪರದೆ ದೊಡ್ಡದಿದೆ ಅಂತೀರಲ್ಲ!” ಮೇಷ್ಟ್ರು ತಮ್ಮ ಬೇಡಿಕೆಗಳ ಪಟ್ಟಿಯನ್ನು ಕೌಂಟರಿನ ಮೇಲೆ ಬಡಿದರು.

ಅಂಗಡಿಯವನು ಡಿಜಿಟಲ್ ಕ್ಯಾಮೆರಾವನ್ನು ತೆಪ್ಪಗೆ ಒಳಗಿಟ್ಟ. ರೀಲು ಹಾಕುವ ಹಳೆಯ ಕ್ಯಾಮೆರಾ ಒಂದೇ ಒಂದು, ಮೂರು ವರ್ಷದಿಂದ ಗಾಜಿನ ಕಪಾಟಿನಲ್ಲಿ ಕೂತಿತ್ತು. ಇವತ್ತು ಅದು ಮಾರಿಹೋಗದಿದ್ದರೆ ನಾಳೆಯಿಂದ ಕಪಾಟು ಬಾಮೈದನ ಮೊಬೈಲ್ ಕವರುಗಳ ಪಾಲು. ಮನೆಯಲ್ಲಿ ಹಾಗೆ ತೀರ್ಮಾನವಾಗಿತ್ತು, ಇವನನ್ನು ಕೇಳದೆ. ಆ ಕ್ಯಾಮೆರಾವನ್ನು ಇಳಿಸಿ, ಅಂಗಿಯ ತೋಳಿನಿಂದ ಒರೆಸಿದ.

ಅಂಗಡಿಯವನು: ಓದಿ ಮೇಷ್ಟ್ರೇ, ಒಂದೊಂದಾಗಿ.

ಮೇಷ್ಟ್ರು: ಒಂದು. ಚಾರ್ಜು ಕೇಳಬಾರದು.

ಅಂಗಡಿಯವನು: ಇದಕ್ಕೆ ಆ ಅಭ್ಯಾಸವೇ ಇಲ್ಲ.

ಮೇಷ್ಟ್ರು: ಎರಡು. ಅಪ್‌ಡೇಟ್ ಮಾಡು ಅಂತ ಪೀಡಿಸಬಾರದು.

ಅಂಗಡಿಯವನು: ಇದನ್ನ ಮಾಡಿದ ಕಂಪನಿಯೇ ಮುಚ್ಚಿಹೋಯ್ತು. ಪೀಡಿಸೋರು ಯಾರು?

ಮೇಷ್ಟ್ರು: ಮೂರು, ಮುಖ್ಯವಾದದ್ದು. ತೆಗೆದ ಫೋಟೋ ತಕ್ಷಣ ಕಾಣಿಸಬಾರದು. ಮೊನ್ನೆ ಮಗಳು ಬಂದಾಗ ಎಲ್ಲರೂ ನಿಂತ ಒಂದೇ ಒಂದು ಫೋಟೋಗೆ ಎರಡು ಗಂಟೆ! ಪ್ರತಿ ಸಲ ನಮ್ಮವಳು ಓಡಿಬಂದು ಫೋನು ನೋಡೋದು, ‘ಗಲ್ಲ ದಪ್ಪ ಬಂದಿದೆ, ಇನ್ನೊಂದು’ ಅನ್ನೋದು. ನಲವತ್ತೊಂದನೇದಕ್ಕೆ ಅಳಿಯ ನಿಂತಲ್ಲೇ ನಿದ್ದೆ ಹೋದ.

ಅಂಗಡಿಯವನು: ಇದರಲ್ಲಿ ಒಂದು ರೀಲಿಗೆ ಮೂವತ್ತಾರೇ ಫೋಟೋ. ತೊಳೆಸಿ ತರೋಕೆ ಹದಿನೈದು ದಿನ. ಅಷ್ಟರಲ್ಲಿ ಅಳಿಯಂದಿರು ಊರು ಸೇರಿರ್ತಾರೆ.

ಮೇಷ್ಟ್ರ ಮುಖ ಅರಳಿತು. ಅಷ್ಟರಲ್ಲಿ, ಪಕ್ಕದಲ್ಲಿ ಕೊಡೆ ರಿಪೇರಿಗೆ ಕೊಟ್ಟು ಅವರ ಹೆಂಡತಿ ಒಳಗೆ ಬಂದರು.

ಹೆಂಡತಿ: ಏನ್ರೀ ಅದು, ತೂಕದ ಕಲ್ಲಿನ ಹಾಗಿದೆ? (ಅಂಗಡಿಯವನಿಗೆ) ಇದರಲ್ಲಿ ರೀಲು ಆಗುತ್ತೇನಪ್ಪಾ?

ಅಂಗಡಿಯವನು: ರೀಲು ಇಲ್ದಿದ್ರೆ ಇದು ನಡೆಯೋದೇ ಇಲ್ಲಮ್ಮ.

ಹೆಂಡತಿ: ಹೌದಾ! ನಮ್ಮ ನಾದಿನಿ ದಿನಾ ಒಂದು ರೀಲು ಹಾಕ್ತಾಳೆ.

ಅಂಗಡಿಯವನು: ದಿನಾ ಒಂದಾ! ಭಾರೀ ಅನುಕೂಲಸ್ಥರು.

ಹೆಂಡತಿ: ಹಾಕಿದ್ದನ್ನ ಎಷ್ಟು ಜನ ನೋಡಬಹುದು?

ಯಾವ ರೀಲಿನ ಮಾತು ಎಂದು ಅಂಗಡಿಯವನಿಗೆ ಆಗ ಹೊಳೆಯಿತು. ಆದರೆ ನಿಜವೇ ಇಷ್ಟು ಚೆನ್ನಾಗಿ ವ್ಯಾಪಾರ ಮಾಡುತ್ತಿರುವಾಗ ಅದನ್ನು ತಡೆಯುವುದೇಕೆ?

ಅಂಗಡಿಯವನು: ನೀವು ಎಷ್ಟು ಜನಕ್ಕೆ ತೋರಿಸ್ತೀರೋ ಅಷ್ಟು.

ಹೆಂಡತಿ: ಸೌಂಡು?

ಅಂಗಡಿಯವನು: ಟಕ್ ಅಂತ. ಒಂದೇ ಸಲ.

ಆಕೆ ಕ್ಯಾಮೆರಾವನ್ನು ಹಿಂದುಮುಂದು ತಿರುಗಿಸಿದರು.

ಹೆಂಡತಿ: ತೆಗೆದದ್ದು ಎಲ್ಲಿ ಕಾಣುತ್ತೆ?

ಮೇಷ್ಟ್ರು ಕೆಮ್ಮಿದರು.

ಅಂಗಡಿಯವನು: ಇದರಲ್ಲಿ ಕಾಣಲ್ಲಮ್ಮ. ಇದು ಹಳೇ ಕಾಲದ ರೀಲು. ಹದಿನೈದು ದಿನ ಆದ್ಮೇಲೆ ಕಾಗದದಲ್ಲಿ ಬರುತ್ತೆ.

ಹೆಂಡತಿ: ಅಂದ್ರೆ, ಗಲ್ಲ ದಪ್ಪ ಬಂದ್ರೆ ಅಳಿಸೋ ಹಾಗಿಲ್ಲ?

ಅಂಗಡಿಯವನು: ಇಲ್ಲ.

ಹೋಯಿತು ಕಪಾಟು, ಎಂದುಕೊಂಡ.

ಹೆಂಡತಿ: ಫೋನಲ್ಲಿ ಇವರು ತೆಗೆದದ್ದು ಕೆಟ್ಟದಾಗಿ ಬಂದ್ರೆ, ‘ಫೋನು ತಾನಾಗೇ ತೆಗೆಯುತ್ತೆ, ನಿನ್ನ ಮುಖ ಇರೋದೇ ಹಾಗೆ’ ಅಂತಾರೆ. ಇದರಲ್ಲಿ ಕೆಟ್ಟರೆ ತಪ್ಪು ಯಾರದಪ್ಪಾ?

ಅಂಗಡಿಯವನು: ಬೆಳಕು, ದೂರ, ಎಲ್ಲಾ ಕೈಯಲ್ಲೇ ತಿರುಗಿಸಿ ಹೊಂದಿಸಬೇಕು. ತಪ್ಪು ಪೂರ್ತಿ ತೆಗೆದವರದೇ.

ಹೆಂಡತಿ: ಮೂವತ್ತಾರಕ್ಕೂ?

ಅಂಗಡಿಯವನು: ಮೂವತ್ತಾರಕ್ಕೂ.

ಹೆಂಡತಿ: ಕಟ್ಟಿ ಕೊಡಪ್ಪ.

ಅಂಗಡಿಯವನು ಡಬ್ಬಿಗೆ ದಾರ ಸುತ್ತತೊಡಗಿದ. ಮೇಷ್ಟ್ರು ಕೌಂಟರಿನ ಮೇಲೆ ಬಾಗಿದರು.

ಮೇಷ್ಟ್ರು: (ಮೆಲ್ಲಗೆ) ಅಲ್ಲಾ... ಇದು ತಾನಾಗೇ ಕೆಟ್ಟುಹೋಗೋ ಸಂಭವ ಏನಾದ್ರೂ...?

ಅಂಗಡಿಯವನು: ಗಟ್ಟಿ ಮಾಲು, ಮೇಷ್ಟ್ರೇ. ಕೆಡೋದಿದ್ರೆ ತೆಗೆಯೋರೇ ಕೆಡಬೇಕು.