ಅಕ್ಕನ ಮನೆಯ ಖೋಲಿಖೋಲಿಗೆ ಹಾಡು ಹಚ್ಚಿದ್ದು

ಒಂದೇ ಕಂಪ್ಯೂಟರಿನಿಂದ ಮನೆಯ ಖೋಲಿಖೋಲಿಗೂ ಬೇರೆಬೇರೆ ಹಾಡು ಕೇಳಿಸಿದ ಮೊದಲ ಮನುಷ್ಯ ಇಡೀ ಸೊಲ್ಲಾಪುರ ಜಿಲ್ಲೆಯೊಳಗೆ ನಾನೇ. ಪುಣೆಯಿಂದ ಇಂಜಿನಿಯರುಗಳು ಬಂದು ನನ್ನ ಹತ್ತಿರ ಕಲಿತು ಹೋಗಿದ್ದಾರೆ.

ಸುಳ್ಳು. ಪುಣೆಯಿಂದ ಯಾರೂ ಬಂದಿಲ್ಲ. ಒಂದು ಚಹಾ ಹೇಳಿರಿ, ನಡೆದದ್ದು ಹೇಳುತ್ತೇನೆ. ಸೊಲ್ಲಾಪುರದ ನವಿ ಪೇಠದ ಅಂಗಡಿಯವನು ಸುದ್ಧಾ ವೈರು ಸುತ್ತಿ ಕೊಡುವಾಗ "ಮನ್ಯಾಗ ತಿಳದವರು ಯಾರರ ಅದಾರೇನ್ರಿ?" ಅಂತ ಕೇಳಿದ್ದ. ಆದರೆ ನನ್ನ ನಸೀಬವೇ ಹಾಗೆ. ನಾನು ಇಲ್ಲಿ ಗುಂಡಿ ಒತ್ತಿದರೆ ಇನ್ನೆಲ್ಲೋ ಏನೋ ಆಗುತ್ತದೆ, ಆಗುತ್ತಲೇ ಇರುತ್ತದೆ. ಆಫೀಸಿನಲ್ಲಿ ಫ್ಯಾನು ಹಚ್ಚಲು ಹೋಗಿ ಸಾಹೇಬರ ಖೋಲಿಯ ಗಂಟೆ ಬಾರಿಸಿದವನು ನಾನು.

ಈ ಸಲ ಗುಂಡಿ ಒತ್ತಿದ್ದು ಅಕ್ಕಲಕೋಟದಲ್ಲಿ, ನಮ್ಮ ಅಕ್ಕನ ಮನೆಯಲ್ಲಿ. ಅಕ್ಕನ ಮಗಳನ್ನು ನೋಡಲು ಸೊಲ್ಲಾಪುರದಿಂದ ಹುಡುಗನ ಕಡೆಯವರು ಬರುವವರಿದ್ದರು. ಭಾವ ಸರಕಾರಿ ಕಚೇರಿಯಿಂದ ನಿವೃತ್ತರಾದ ಕಾರಕೂನರು. "ಅವರು ಸುಧಾರಿಸಿದ ಮಂದಿ ನೋಡಪಾ. ಮನ್ಯಾಗ ಕಾಲಿಟ್ಟ ಕೂಡ್ಲೆ ಎಲ್ಲಾ ಖೋಲ್ಯಾಗ ಸಣ್ಣಗ ಸಂಗೀತ ಬರಬೇಕು" ಅಂದರು. ಆ ಕೆಲಸ ನನ್ನ ಪಾಲಿಗೆ ಬಂತು.

ಹುಡುಗಿ ನನ್ನನ್ನು ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿದಳು. ಅವಳು ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸ ಮಾಡುತ್ತಾಳೆ.

"ಮಾಮಾ, ಈ ಹುಡುಗನ್ನ ಗೆಳತಿ ಲಗ್ನದಾಗ ನೋಡೀನಿ. ಊಟಕ್ಕ ಕುಂತವರಿಗೆ ತಾನ ಎದ್ದು ನೀರು ನೀಡಾಕತ್ತಿದ್ದ. ನನಗ ಪಸಂದ ಅದಾನ. ಲಗ್ನದ ಮ್ಯಾಲೆ ನನ್ನ ನೌಕರಿ ಇರತೈತೋ ಇಲ್ಲೋ ಅನ್ನೂ ಮಾತು ಒಂದ ಉಳದೈತಿ. ಅಪ್ಪಾ ಅದನ್ನ ತೆಗೀಬ್ಯಾಡ ಅಂದಾರ, ಆದ್ರ ನಾ ಹೆಂಗರ ಮಾಡಿ ಕೇಳಾಕಿ. ನೀ ನಡುವ ಏನೂ ಗದ್ದಲ ಹಾಕಬ್ಯಾಡ, ನಿನ್ನ ಕಾಲಿಗೆ ಬೀಳತೀನಿ."

ನನ್ನ ಮೇಲೆ ಅವಳಿಗೆ ಎಷ್ಟು ವಿಶ್ವಾಸವೆಂದರೆ, ದೇವರ ಮುಂದೆ ಕರೆದೊಯ್ದು ಆಣೆ ಮಾಡಿಸಿಕೊಂಡೇ ಬಿಟ್ಟಳು.

೧. ಇಲ್ಲೆ ಅಂದ್ರ ಎಲ್ಲೆ?

ಕಂಪ್ಯೂಟರನ್ನು ಮಾಳಿಗೆಯ ಖೋಲಿಯಲ್ಲಿಟ್ಟೆ. ಕೆಳಗೆ ಪಡಸಾಲೆ, ಅಡುಗೆಮನೆ, ದೇವರಮನೆ, ಅಂಗಳ, ಎಲ್ಲ ಕಡೆ ಒಂದೊಂದು ಸ್ಪೀಕರಿನ ಡಬ್ಬಿ. ಪರದೆಯ ಮೇಲೆ ಅವುಗಳ ಹೆಸರು ಬಂದವು. ಎಲ್ಲವೂ ಇಂಗ್ಲಿಷ್ ಅಕ್ಷರ, ಅಂಕಿಗಳ ಕಲಸುಮೇಲೋಗರ. ಯಾವುದು ಯಾವ ಖೋಲಿಯದೋ ಅದನ್ನು ಮಾಡಿದವನಿಗೂ ತಿಳಿಯಲಿಕ್ಕಿಲ್ಲ. ಒಂದೊಂದನ್ನೇ ಒತ್ತಿ ನೋಡೋಣವೆಂದು ಭಾವನನ್ನು ಪಡಸಾಲೆಯಲ್ಲೂ ಅಕ್ಕನನ್ನು ಅಡುಗೆಮನೆಯಲ್ಲೂ ನಿಲ್ಲಿಸಿ ಮೇಲೆ ಹೋದೆ.

ಒತ್ತಿ ಕೂಗಿದೆ, "ಬಂತೇನ್ರಿ?"

"ಬಂತು!" ಭಾವನ ದನಿ.

"ಎಲ್ಲೆ?"

"ಇಲ್ಲೆ!"

"ಇಲ್ಲೆ ಅಂದ್ರ ಎಲ್ಲೆ?"

"ನಾ ನಿಂತಲ್ಲೆ!"

ಅವರು ನಿಂತದ್ದು ಪಡಸಾಲೆಯಲ್ಲಿ ಅಂತ ನಾನು ತಿಳಿದೆ. ಅವರು ಶೇಂಗಾ ತಿನ್ನಲು ಅಡುಗೆಮನೆಗೆ ಹೋಗಿದ್ದರು. ಅವರನ್ನು ಹುಡುಕುತ್ತ ಅಕ್ಕ ಪಡಸಾಲೆಗೆ ಬಂದಿದ್ದಳು. ಹೀಗಾಗಿ ಪರದೆಯ ಮೇಲೆ ಅಡುಗೆಮನೆಗೆ ಪಡಸಾಲೆಯ ಹೆಸರು ಬಿತ್ತು, ಪಡಸಾಲೆಗೆ ಅಡುಗೆಮನೆಯದು. ಇದನ್ನು ಸರಿಪಡಿಸುವುದರೊಳಗೆ ಅರ್ಧ ದಿನ ಹೋಯಿತು.

ಸರಿಪಡಿಸುವಾಗ ಮೂಲೆಯಲ್ಲೊಂದು ಮೈಕಿನ ಚಿತ್ರ ಕಂಡಿತು. ಅದನ್ನು ಒತ್ತಿ ಮಾತಾಡಿದರೆ ಬೇಕಾದ ಖೋಲಿಯಲ್ಲಿ ನಮ್ಮ ದನಿ ಬರುತ್ತದೆ. ಇಂಥದ್ದು ಕೈಗೆ ಸಿಕ್ಕ ಮೇಲೆ ಸುಮ್ಮನೆ ಕೂಡಲು ನಾನೇನು ಸಾಧುವೇ? ಪಡಸಾಲೆಯ ಡಬ್ಬಿಯಿಂದ ಭಾವನ ದನಿ ಮಾಡಿ, "ಅಗ, ಹಾಲು ಉಕ್ಕಾಕತ್ತಾವ!" ಅಂದೆ. ಅಕ್ಕ ಓಡಿದಳು. ಒಲೆಯ ಮೇಲೆ ಹಾಲೇ ಇರಲಿಲ್ಲ. ಇನ್ನೊಮ್ಮೆ ಅಂದೆ, ಇನ್ನೊಮ್ಮೆ ಓಡಿದಳು.

ಮಧ್ಯಾಹ್ನ ಖರೇನೇ ಹಾಲು ಉಕ್ಕಿತು. ಭಾವ ಅಲ್ಲೇ ಅಡುಗೆಮನೆಯಲ್ಲಿದ್ದರು. ಕಾರಕೂನರಲ್ಲವೇ, ವರದಿ ಮಾಡುತ್ತಾರೆ, ಒಲೆ ಆರಿಸುವುದಿಲ್ಲ. "ಅಗ, ಹಾಲು ಉಕ್ಕಾಕತ್ತಾವ!" ಅಂತ ಕೂಗಿದರು. ಅಕ್ಕ ಪಡಸಾಲೆಯಲ್ಲಿ ಕೂತಲ್ಲಿಂದ ಕದಲದೆ, "ಬಾಯಿ ಮುಚ್ಚು, ಮೂಳ!" ಅಂದಳು.

ಲಗ್ನವಾಗಿ ಇಷ್ಟು ವರ್ಷಕ್ಕೆ ಆ ಮಾತನ್ನು ಗಂಡನಿಗೆ ಅನ್ನುವ ಯೋಗ ಅವಳಿಗೆ ಅದೇ ಮೊದಲು ಬಂದದ್ದು.

೨. ಮುಂದಿನ ಆರತಿ, ಹಿಂದಿನ ಆರತಿ

ಮರುದಿನ ಸಂಜೆ ಆರತಿ ಎಲ್ಲ ಖೋಲಿಯಲ್ಲೂ ಕೇಳಬೇಕೆಂದು ಭಾವನ ಹುಕುಂ. ದೇವರಮನೆಯ ಡಬ್ಬಿಗೆ ವೈರು ಎಳೆದಿದ್ದೆ, ಹಾಡು ನೆಟ್ಟಗೆ ಬರುತ್ತಿತ್ತು. ಪಡಸಾಲೆಯದು ವೈಫೈ ಮೇಲೆ ಬರುವುದು, ತುಸು ತಡ. ದೇವರಮನೆಯಲ್ಲಿ ಅಕ್ಕ, ಮಗಳು ಚಪ್ಪಾಳೆ ತಟ್ಟಿದರೆ ಪಡಸಾಲೆಯಲ್ಲಿ ಭಾವನ ಚಪ್ಪಾಳೆ ಒಂದು ಉಸಿರು ಹಿಂದೆ.

"ಜರಾ ಸಾವಕಾಶ ಬಡೀರಿ, ದೇವರಿಗೇನೂ ಬಸ್ಸು ಹಿಡಿಯೂದಿಲ್ಲ!" ಭಾವ ಕೂಗಿದರು.

"ನೀವು ಜನ್ಮಾ ಹಿಂದ!" ಒಳಗಿನಿಂದ ಅಕ್ಕ.

ನಾನು ಮೇಲೆ ಓಡಿದೆ. ತಡ ಎಷ್ಟಿರಬೇಕೆಂದು ಹಾಕುವ ಜಾಗವೊಂದು ಇತ್ತು, ದೇವರಮನೆಯದೆಂದು ತಿಳಿದು ಪಡಸಾಲೆಯ ಡಬ್ಬಿಗೇ ಅಂಕಿ ಹಾಕಿದೆ. ಅವಸರಕ್ಕೆ ಒಂದು ಸೊನ್ನೆ ಜಾಸ್ತಿ ಬಿತ್ತು. ದೇವರಮನೆಯಲ್ಲಿ ಆರತಿ ಮುಗಿಯಿತು. ಅಕ್ಕ ತಟ್ಟೆ ಹಿಡಿದು ಪಡಸಾಲೆಗೆ ಬಂದರೆ ಅಲ್ಲಿನ್ನೂ ಕಡೆಯ ನುಡಿ ನಡೆದಿತ್ತು. ಭಾವ ಕಣ್ಣು ಮುಚ್ಚಿ ಚಪ್ಪಾಳೆ ತಟ್ಟುತ್ತಲೇ ಇದ್ದರು, ಅಕ್ಕ ತಟ್ಟೆ ಹಿಡಿದು ನಿಂತೇ ಇದ್ದಳು. ಭಾವ ಕಣ್ಣು ತೆರೆದು ಕೈ ಚಾಚುವ ಹೊತ್ತಿಗೆ ಕರ್ಪೂರ ಆರಿ ತಟ್ಟೆ ತಣ್ಣಗಾಗಿತ್ತು.

ಬೈಯುತ್ತಾರೆಂದು ನಾನು ಕಿವಿ ಮುಚ್ಚಿಕೊಂಡೆ. ಭಾವ ಮಾತ್ರ ಸಮಾಧಾನದಿಂದ, "ನಮ್ಮ ಕಚೇರ್ಯಾಗೂ ಹಿಂಗ ಇತ್ತಪಾ. ಹುಕುಂ ಮ್ಯಾಲಿನ ಖೋಲ್ಯಾಗ ಹೊರಡತಿತ್ತು. ನನ್ನ ಟೇಬಲ್ಲಿಗೆ ಬರೂದರಾಗ ಅದರ ಮುದತ ಮುಗದಿರತಿತ್ತು" ಅಂದರು.

೩. ಕಾಕೂನ ಡಬ್ಬಿ ಪಾವಾಯಿತು

ಅದಾದ ಮೇಲೆ ಬೆಳಗಿನ ಭಜನೆ. ದೇವರಮನೆಯ ವೈರನ್ನು ಇಲಿ ಕಡಿದಿತ್ತು. ನಾನು ಅಲ್ಲಿಗೆ ಬ್ಲೂಟೂತಿನ ಹೊಸ ಡಬ್ಬಿ ತಂದಿಟ್ಟೆ. ಮೇಲೆ ಹೋಗಿ ಭಜನೆ ಹಚ್ಚಿದೆ.

"ಸಪ್ಪಳನ ಇಲ್ಲಲ್ಲೋ!" ಅಂದಳು ಅಕ್ಕ.

ಆವಾಜು ಏರಿಸಿದೆ. ಇಲ್ಲ. ಇನ್ನೂ ಏರಿಸಿದೆ. ಇಲ್ಲ. ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ ಗೋಡೆಯಾಚೆಯ ಮನೆಯ ಕಾಕೂ, ಓಣಿಗೆಲ್ಲ ಚಿಕ್ಕಮ್ಮ, ಪ್ರಸಾದದ ಬಟ್ಟಲು ಹಿಡಿದು ಬಂದಳು. ಅವಳ ಮಗ ಒಂದು ಡಬ್ಬಿ ತಂದುಕೊಟ್ಟಿದ್ದನಂತೆ. ನಾವು ತಂದದ್ದೇ ಜಾತಿಯದು, ಪರದೆಯ ಮೇಲೆ ಹೆಸರೂ ಅದೇ.

"ಏನ ಹೇಳಲೆವ್ವಾ, ಯಾರೂ ಮುಟ್ಟಲಾರದ ನಮ್ಮ ಡಬ್ಬಿ ತಾನ ಭಜನಿ ಮಾಡಾಕತ್ತೈತಿ. ನಮ್ಮೂರ ಸ್ವಾಮಿಗಳು ಪಾವಾದ್ರು, ಕೃಪಾ ಮಾಡಿದ್ರು!"

ನಾನು ಪ್ರಸಾದ ತಿಂದೆ. ಶಿರಾ ಚೆನ್ನಾಗಿತ್ತು. ಮರುದಿನ ಕಾಕೂನ ಡಬ್ಬಿಗೆ ಕುಂಕುಮ, ಚೆಂಡುಹೂವು ಏರಿದವು. ಓಣಿಯ ಹೆಂಗಸರು ಬಂದರು. ಸ್ವಾಮಿಗಳ ಗುಡಿಗೆ ಬಂದ ಪರಸ್ಥಳದ ಭಕ್ತರು ಎಸ್‌ಟಿ ಬಸ್ಸು ತಪ್ಪಿದರೂ ಚಿಂತೆಯಿಲ್ಲವೆಂದು ಸಾಲು ನಿಂತರು. ನಮ್ಮ ಭಾವ ಸುದ್ಧಾ ಹೋಗಿ ಡಬ್ಬಿಗೆ ಹಣೆ ಹಚ್ಚಿ ಬಂದು, "ಭಾಳ ಪ್ರಸನ್ನ ಆತು ಮನಸ್ಸು. ನೀನೂ ಹೋಗಿ ಬಾ" ಅಂದರು.

ಇನ್ನು ಸಾಕೆಂದು ಆ ಡಬ್ಬಿಯನ್ನು ನಮ್ಮ ಕಂಪ್ಯೂಟರಿನಿಂದ ಬಿಡಿಸಲು ಕೂತೆ. ಏನು ಒತ್ತಿದೆನೋ, ಭಜನೆ ನಡುವೆಯೇ ನಿಂತಿತು. ಭಾವ ದಿನಾ ಪಡಸಾಲೆಯಲ್ಲಿ ಕೇಳುವ ಉಳ್ಳಾಗಡ್ಡಿಯ ಮಾರ್ಕೆಟ್ ರೇಟು ಕಾಕೂನ ಮನೆಗೆ ಹೋಯಿತು. ಕೈ ಮುಗಿದು ನಿಂತವರ ಮುಂದೆ ಡಬ್ಬಿ ಗಂಭೀರವಾಗಿ ಕ್ವಿಂಟಲಿನ ರೇಟು ಹೇಳತೊಡಗಿತು.

ಯಾರೂ ನಗಲಿಲ್ಲ. ಭಂಡಾರಕವಠೆಯಿಂದ ಬಂದ ಹೆಣ್ಣುಮಗಳೊಬ್ಬಳು ಹೊರಗೆ ಓಡಿ ಗಂಡನಿಗೆ ಫೋನು ಹಚ್ಚಿ, "ಇವತ್ತ ಮಾರ್ರಿ, ಅಪ್ಪಣಿ ಆಗೈತಿ!" ಅಂದಳು. ಗಂಡ ಮಾರಿದ. ಒಳ್ಳೆಯ ರೇಟು ಸಿಕ್ಕಿತಂತೆ. ಇಂಥದ್ದರಲ್ಲಿ ನಾನ್ಯಾಕೆ ಬಾಯಿ ಬಿಡಲಿ?

೪. ಪೋಹೆ ಆರತಾವ

ಹುಡುಗನ ಕಡೆಯವರು ಬಂದೇ ಬಿಟ್ಟರು. ಹುಡುಗ, ಅವನ ಅವ್ವ, ಅವನಪ್ಪ. ಎಲ್ಲ ಖೋಲಿಯಲ್ಲೂ ಸಣ್ಣಗೆ ಸಂಗೀತ. ಆ ದಿನ ಎಲ್ಲವೂ ಸರಿಯಾಗಿ ನಡೆದದ್ದು ನೋಡಿ ನನಗೇ ಹೆದರಿಕೆಯಾಯಿತು.

ಕಾಂದಾಪೋಹೆ, ಅಂದರೆ ಉಳ್ಳಾಗಡ್ಡಿ ಹಾಕಿದ ಅವಲಕ್ಕಿಯ ತಟ್ಟೆ ಕೈಗೆ ಬಂದ ಕೂಡಲೇ ಹುಡುಗನ ಅವ್ವ ಶುರು ಮಾಡಿದರು. "ನಮ್ಮನ್ಯಾಗ ಹೋಳಿಗಿ ಅಂದ್ರ ನನ್ನ ಕೈದ ಆಗಬೇಕ್ರಿ. ಬಂದ ಸೊಸಿ ನನ್ನ ಕೈಯಾಗ ಅಡುಗಿ ಕಲೀಬೇಕು. ಹೊರಗ ದುಡಿಯಾಕ ಹೋದ್ರ ಯಾವಾಗ ಕಲ್ತಾಳು?"

"ಖರೇ ಐತ್ರಿ, ನೌಕರಿ ಬಿಡಸೂನು" ಅಂದುಬಿಟ್ಟರು ಭಾವ. ಹುಡುಗಿಯ ಮುಖ ಸಣ್ಣಗಾಯಿತು. ಹುಡುಗನ ಅಪ್ಪ ಪೋಹೆ ತಿನ್ನುತ್ತಿದ್ದರು. ಒಂದು ತುತ್ತು ಬಾಯಿಗಿಟ್ಟು, ಏನೋ ವಿಚಾರ ಮಾಡಿ, ಇನ್ನೊಂದು ತುತ್ತು.

ಪದ್ಧತಿಯಂತೆ ಹುಡುಗ, ಹುಡುಗಿ ಇಬ್ಬರೇ ನಾಲ್ಕು ಮಾತಾಡಲಿ ಅಂದರು. ಖಾಲಿ ಇದ್ದದ್ದು ಮಾಳಿಗೆಯ ಖೋಲಿಯೊಂದೇ. ನಾನು ಮೊದಲೇ ಓಡಿ ಹಾಡು ಬಂದ್ ಮಾಡಿ ಕೆಳಗೆ ಬಂದೆ. ಅವರಿಬ್ಬರು ಮೇಲೆ ಹೋದರು.

ಸ್ವಲ್ಪ ಹೊತ್ತಿಗೆ ಪಡಸಾಲೆಯ ಗೋಡೆಯ ಡಬ್ಬಿಯಿಂದ ಕುರ್ಚಿ ಎಳೆದ ಸಪ್ಪಳ ಬಂತು. ಆಮೇಲೆ, "ಕೂಡ್ರಿ."

"ನೀವೂ ಕೂಡ್ರಿ."

ಭಾವ ನನ್ನತ್ತ ನೋಡಿದ ನೋಟವನ್ನು ಹೇಳಲು ಬಾರದು. ಮೈಕು ಚಾಲೂ ಉಳಿದಿತ್ತು. ಮೇಲೆ ಓಡಲು ಎದ್ದೆ. ಅಷ್ಟರಲ್ಲಿ ಹುಡುಗನ ಅಪ್ಪ ನನ್ನ ಮುಂಗೈ ಗಟ್ಟಿಯಾಗಿ ಹಿಡಿದು ಮೊದಲ ಸಲ ಬಾಯಿಬಿಟ್ಟರು. "ಕೂಡ್ರಿ, ಕೂಡ್ರಿ. ಪೋಹೆ ಆರತಾವ."

ಗೋಡೆ ಮಾತಾಡಿತು. "ಒಂದು ಖರೇ ಮಾತ ಹೇಳತೀನ್ರಿ," ಹುಡುಗನ ದನಿ. "ನಮ್ಮನ್ಯಾಗ ಅಡುಗಿ ಮಾಡೂದು ನಮ್ಮ ಅಪ್ಪಾ. ಹೋಳಿಗಿನೂ ಅವರದ. ಅವ್ವ ಚಹಾ ಮಾಡಿದ್ಲಂದ್ರ ನಾವು ಮಂದಿ ಮನಿಗೆ ಹೋಗಿ ಕುಡದ ಬರತೀವಿ. ಯಾರ ಮುಂದೂ ಅನ್ನಬ್ಯಾಡ್ರಿ."

ಅವ್ವನ ಚಮಚ ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ಅಡುಗೆಮನೆಯ ಡಬ್ಬಿ ತಡವಾಗಿ, "ಯಾರ ಮುಂದೂ ಅನ್ನಬ್ಯಾಡ್ರಿ" ಅಂದಿತು, ಒಳಗೆ ಅಕ್ಕ ಕಿಸಕ್ಕನೆ ನಕ್ಕಳು. ಇನ್ನೂ ತಡವಾಗಿ ಅಂಗಳದ ಡಬ್ಬಿ ಅದನ್ನೇ ಓಣಿಗೆಲ್ಲ ಹೇಳಿತು.

"ಹಂಗಾರ ನನ್ನ ನೌಕರಿ?" ಹುಡುಗಿ ಕೇಳಿಯೇ ಬಿಟ್ಟಳು.

"ಬಿಟ್ಟು ಏನ ಮಾಡ್ತೀರಿ? ಅಡುಗಿಮನ್ಯಾಗ ಅಪ್ಪಾ ಯಾರನ್ನೂ ಬಿಟ್ಟಕೊಳ್ಳಂಗಿಲ್ಲ. ಅವ್ವನ್ನ ಇನ್ನೂ ತನಕ ಬಿಟ್ಟಿಲ್ಲ."

ಹುಡುಗಿ ನಕ್ಕಳು. "ನಮ್ಮನಿದೂ ಹೇಳತೀನಿ. ಈ ಸಂಗೀತ ಎಲ್ಲಾ ನಿಮ್ಮ ಮುಂದ ಡೌಲು. ನಮ್ಮ ಅಪ್ಪಾ ಕೇಳೂದು ಉಳ್ಳಾಗಡ್ಡಿ ರೇಟ ಒಂದ."

ಈಗ ತಲೆ ತಗ್ಗಿಸುವ ಪಾಳಿ ಭಾವನದು. ಎರಡೂ ಕಡೆಯವರು ಬೀಗರಾಗುವ ಮೊದಲೇ ಸರಿಸಮ ಆದರು.

ಅವರಿಬ್ಬರು ಕೆಳಗಿಳಿದು ಬಂದಾಗ ಎಲ್ಲರೂ ಏನೂ ಕೇಳದವರಂತೆ ಖಾಲಿ ತಟ್ಟೆಯಲ್ಲಿ ಚಮಚ ಆಡಿಸುತ್ತಿದ್ದೆವು. ಹುಡುಗನ ಅವ್ವ ಮುಖ ಎತ್ತದೆ, "ನೌಕರಿ ಏನ ಬಿಡಬ್ಯಾಡವಾ ನೀ" ಅಂದರು.

ಹುಡುಗಿ ಅವರನ್ನು ನೋಡಿದಳು, ಗೋಡೆಯ ಡಬ್ಬಿಯನ್ನು ನೋಡಿದಳು, ಕಡೆಗೆ ನನ್ನನ್ನು ನೋಡಿದಳು. "ಮಾಮಾ!"

ಲಗ್ನ ಗಟ್ಟಿಯಾಯಿತು. ಹೊರಡುವಾಗ ಹುಡುಗನ ಅಪ್ಪ ನನ್ನನ್ನು ಬದಿಗೆ ಕರೆದು, ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, "ನಮ್ಮನಿಗೂ ಇಂಥಾದ್ದು ಹಚ್ಚಿಕೊಡ್ರಿ. ಎಲ್ಲಾ ಖೋಲಿಗೂ ಹಚ್ಚರಿ. ಅಡುಗಿಮನಿ ಒಂದ ಬಿಡ್ರಿ. ಅಲ್ಲೆ ಕುಕ್ಕರಿನ ಸೀಟಿ ಬಿಟ್ರ ನನ್ನ ಮ್ಯಾಲೆ ಯಾರೂ ಒದರಂಗಿಲ್ಲ" ಅಂದರು.

ಮೈಕು ಮರೆತು ಉಳಿಯಿತೋ, ಬೇಕಂತಲೇ ಬಿಟ್ಟೆನೋ ಅಂತ ಈಗ ನೀವು ಕೇಳುವವರಿದ್ದೀರಿ. ಎಲ್ಲರೂ ಕೇಳುತ್ತಾರೆ. ಅಕ್ಕನಿಗೆ ಒಂದು ಹೇಳಿದ್ದೇನೆ, ಭಾವನಿಗೆ ಇನ್ನೊಂದು. ನಿಮಗ ಮಾತ್ರ ಖರೇದ್ದು ಹೇಳತೀನಿ. ಮೊದಲ ಈ ಚಹಾದ ರೊಕ್ಕ ನೀವ ಕೊಟ್ಟು ಬಿಡ್ರಿ.